ಕಣ್ಣಿಗೆ ಕಿಟಕಿ, ಫೋನಿಗೆ ಕನ್ನಡಿ

ಕಳೆದ ತಿಂಗಳು ಧಾರವಾಡದಲ್ಲಿ ಅಪ್ಪನಿಗೆ ಎದೆನೋವು ಬಂದ ದಿನ ಅವ್ವ ಏಳು ಸಲ ಫೋನ್ ಮಾಡಿದ್ದಳು. ಪುಣೆಯ ಕಚೇರಿಯಲ್ಲಿದ್ದ ನನಗೆ ಒಂದೂ ಸಿಗಲಿಲ್ಲ. ಅಪ್ಪ ಈಗ ಆರಾಮಾಗಿದ್ದಾರೆ. ಅವ್ವನ ಸಿಟ್ಟು ಮಾತ್ರ ಇಳಿದಿಲ್ಲ: "ಎಲ್ಲಿರ್ತೀಯೋ ತಮ್ಮಾ? ಹಚ್ಚಿದಾಗೊಮ್ಮೆ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಅಂತಾಳ ಆಕಿ!"

ನಾನು ಕೂರುವುದು ಒಂಬತ್ತನೇ ಮಹಡಿಯ ಗಾಜಿನ ಗೋಡೆಯ ಪಕ್ಕ. ಆಚೆ ಮೊಬೈಲ್ ಟವರ್ ನಿಚ್ಚಳವಾಗಿ ಕಾಣುತ್ತದೆ. ನನಗೆ ಕಾಣುವ ಟವರ್ ಫೋನಿಗೇಕೆ ಕಾಣದು?

ಬೆಳಕು, ಮೊಬೈಲ್ ಸಿಗ್ನಲ್ ಎರಡೂ ವಿದ್ಯುತ್ಕಾಂತೀಯ ಅಲೆಗಳೇ. ಅಳತೆ ಮಾತ್ರ ಬೇರೆ. ಬೆಳಕಿನ ತರಂಗಾಂತರ ಮಿಲಿಮೀಟರಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು. 1800 ಮೆಗಾಹರ್ಟ್ಸ್ ಸಿಗ್ನಲ್‌ನದು ಸುಮಾರು 17 ಸೆಂಟಿಮೀಟರ್. ಬರೀ ಗಾಜಾದರೆ ಎರಡೂ ಅದರ ಅಂಚಿನಲ್ಲಿ ತುಸು ಪ್ರತಿಫಲಿಸಿ, ತುಸು ಬಾಗಿ, ಬಹುಪಾಲು ಒಳಗೆ ಬರುತ್ತವೆ.

ವಿಚಾರಿಸಿದಾಗ ತಿಳಿಯಿತು, ನಮ್ಮದು ಬರೀ ಗಾಜಲ್ಲ. ಬಿಸಿಲಿನ ಬೇಗೆ ತಡೆಯಲು ಅದಕ್ಕೆ ಬೆಳ್ಳಿಯ ಲೇಪವಿದೆ. ಇಂಥ ಲೇಪದ ದಪ್ಪ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು. ಅಷ್ಟು ತೆಳುವಾದ್ದರಿಂದ ಬೆಳಕು ದಾಟುತ್ತದೆ. ರೇಡಿಯೊ ಅಲೆ ಬಡಿದರೆ ಮಾತ್ರ ಬೆಳ್ಳಿಯ ಎಲೆಕ್ಟ್ರಾನುಗಳು ಅದರ ತಾಳಕ್ಕೆ ಓಲಾಡಿ ಎದುರಲೆ ಎಬ್ಬಿಸುತ್ತವೆ. ನೂರರಲ್ಲೊಂದು ಪಾಲು ಒಳಬಂದರೆ ಪುಣ್ಯ.

ಇದಕ್ಕೆ ಮದ್ದೂ ಇದೆ. ಜರ್ಮನಿ, ಸ್ವಿಟ್ಜರ್ಲೆಂಡಿನ ಕೆಲವು ರೈಲುಗಳ ಕಿಟಕಿಯಲ್ಲಿ ಲೇಪದ ಮೇಲೆ ಲೇಸರ್‌ನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆ ಕೊರೆದು ಚೂರುಚೂರಾಗಿ ಬೇರ್ಪಡಿಸುತ್ತಾರೆ. ಎಲೆಕ್ಟ್ರಾನುಗಳು ಗೆರೆ ದಾಟಲಾರವು. ಉದ್ದದ ರೇಡಿಯೊ ಅಲೆ ಒಳನುಗ್ಗುತ್ತದೆ. ಬಿಸಿಲ ಶಾಖದ ಅಲೆ ತೀರ ಗಿಡ್ಡ. ಅದಕ್ಕೆ ಪ್ರತಿ ಚೂರೂ ಇಡೀ ಗೋಡೆಯೇ. ಅದೇ ಗಾಜು, ಅದೇ ಬೆಳ್ಳಿ, ಬದಲಾದದ್ದು ಜೋಡಣೆ.

ಜೋಡಣೆಯಿಂದಲೇ ಹೊಸ ಗುಣ ಪಡೆಯುವ ಇಂಥ ವಸ್ತುಗಳ ವಿದ್ಯೆಗೆ ನಮ್ಮ ದೇಶದಲ್ಲೇ ಹಳೆಯ ಬೇರಿದೆ. 1898ರಲ್ಲಿ ಜಗದೀಶಚಂದ್ರ ಬೋಸರು ಕೋಲ್ಕತ್ತದಲ್ಲಿ ಸೆಣಬಿನ ನಾರು ಹೊಸೆದು, ಅದರ ಮೂಲಕ ಹಾಯ್ದ ರೇಡಿಯೊ ಅಲೆಯ ಕಂಪನದ ದಿಕ್ಕನ್ನೇ ತಿರುಗಿಸಿದ್ದರು. ಸೆಣಬು ಅದೇ, ಹೊಸೆತ ಬೇರೆ.

ನಿಮ್ಮ ಕಚೇರಿಯೂ ಇಂಥದ್ದಾದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಡಿ. ನಾನು ಅದನ್ನೂ ಮಾಡಿದ್ದೇನೆ, ದಿನಾ ನಾಲ್ಕಕ್ಕೆ ಕೆಳಗಿನ ಚಹಾದಂಗಡಿಗೂ ಹೋಗುತ್ತೇನೆ. ಫೋನ್ ಎತ್ತಿದ ಕೂಡಲೇ ಅವ್ವ ಕೇಳುತ್ತಾಳೆ: "ಹೊರಗ ಬಂದೀಯೇನು?"