ಮಳೆಗಾಲ, ಮಳಿಗೆಯ ಮೆಟ್ಟಿಲು ಮತ್ತು ಲೆಕ್ಕಪುಸ್ತಕ

ಕರಾವಳಿಯ ಪೇಟೆಗಳಲ್ಲಿ ಜೂನ್ ತಿಂಗಳ ಮೊದಲ ವಾರ ಕಳೆಯಿತೆಂದರೆ ಅಂಗಡಿಗಳ ಮುಂದೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಗಾಜಿನ ಬಾಗಿಲಿನೆದುರು ಒದ್ದೆಯಾದ ಗೋಣಿಚೀಲ. ಅದರ ಕೆಳಗೆ ಕನ್ನಡಿಯಂತೆ ಹೊಳೆಯುವ ಕಪ್ಪು ಗ್ರಾನೈಟಿನ ಮೂರೋ ನಾಲ್ಕೋ ಮೆಟ್ಟಿಲುಗಳು. ಇಳಿಯುವ ಗಿರಾಕಿಯ ಒಂದು ಕೈಯಲ್ಲಿ ಸಾಮಾನಿನ ಚೀಲ, ಇನ್ನೊಂದರಲ್ಲಿ ಅರ್ಧ ಬಿಚ್ಚಿದ ಕೊಡೆ. ಪಕ್ಕದಲ್ಲಿ ಕಂಬಿ ಇದ್ದರೂ ಹಿಡಿಯಲು ಮೂರನೆಯ ಕೈ ಇಲ್ಲ. ಮೆಟ್ಟಿಲು ಜಾರುತ್ತದೆಂಬುದು ಮಾಲೀಕರಿಗೆ ತಿಳಿದಿಲ್ಲವೆಂದು ಯಾರೂ ಹೇಳುವಂತಿಲ್ಲ. ಅವರೇ ಹಾಸಿದ ಆ ಗೋಣಿಯೇ ಅದಕ್ಕೆ ಸಾಕ್ಷಿ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಅಂದರೆ ವ್ಯಾಪಾರ ವರ್ಷದ ಮೂರನೆಯ ಒಂದು ಭಾಗದಲ್ಲಿ ಹೊರಗಿನ ಮೆಟ್ಟಿಲು ಒಣಗುವುದೇ ಅಪರೂಪ. ಹಿಂದಿನವರು ಈ ಸತ್ಯವನ್ನರಿತೇ ಮನೆ, ಮಳಿಗೆಗಳ ಮುಂದೆ ಮುರಕಲ್ಲನ್ನೋ ಉಳಿಯ ಏಟಿನ ಗುರುತು ಹಾಗೆಯೇ ಉಳಿದ ಒರಟು ಶಿಲೆಕಲ್ಲನ್ನೋ ಹಾಕಿಸುತ್ತಿದ್ದರು. ಯಂತ್ರದಲ್ಲಿ ಮೆರುಗುಗೊಳಿಸಿದ ಚಾಮರಾಜನಗರದ ಕಪ್ಪು ಶಿಲೆ, ಇಳಕಲ್ಲಿನ ಕೆಂಪು ಶಿಲೆಗಳು ಕೈಗೆಟುಕುವಂತಾದ ಮೇಲೆ, ಒಳಾಂಗಣಕ್ಕೆ ಶೋಭೆ ತರುವ ಆ ಚಪ್ಪಡಿಗಳನ್ನೇ ಹೊರಗಿನ ಮೆಟ್ಟಿಲಿಗೂ ಹೊದಿಸುವ ಪದ್ಧತಿ ಬಂದಿತು. ಕಲ್ಲಿನಲ್ಲಿ ದೋಷವಿಲ್ಲ. ಒಣಗಿದಾಗ ಅದರ ಮೇಲೆ ಕಾಲು ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಮೆರುಗಿನ ಮೇಲೆ ನೀರಿನ ತೆಳುವಾದ ಪೊರೆ ನಿಂತಾಗ ಅಟ್ಟೆಗೂ ಕಲ್ಲಿಗೂ ನೇರ ಸಂಪರ್ಕವೇ ಏರ್ಪಡುವುದಿಲ್ಲ. ಒರಟು ಮೈಯಾದರೆ ಅದರ ಸಣ್ಣ ಸಣ್ಣ ಉಬ್ಬುಗಳು ಆ ಪೊರೆಯನ್ನು ಸೀಳಿ ಕಾಲಿಗೆ ಆಸರೆ ಕೊಡುತ್ತವೆ. ಜಾರಿಕೆ ತಡೆಯುವ ಎಲ್ಲ ಸಾಧನಗಳ ಗುಟ್ಟೂ ಇಷ್ಟೇ.

ಬೀಳುವವರು ಸಾಮಾನ್ಯವಾಗಿ ಹತ್ತುವಾಗಲಲ್ಲ, ಇಳಿಯುವಾಗ. ಇಳಿಯುವವನ ಭಾರವೆಲ್ಲ ಮೆಟ್ಟಿಲಿನ ಅಂಚಿನ ಮೂರು ನಾಲ್ಕು ಅಂಗುಲದ ಮೇಲೆ ಬೀಳುತ್ತದೆ. ಆದುದರಿಂದ ಅಂಗಡಿಯವರು ಮೆಟ್ಟಿಲಿನ ನಡುವೆ ಹಾಸುವ ರಬ್ಬರ್ ಚಾಪೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಮೇಲಾಗಿ ಅದರಡಿಯಲ್ಲಿ ನೀರು ನಿಂತು ಪಾಚಿ ಬೆಳೆಯುತ್ತದೆ, ಚಾಪೆಯೇ ಸರಿಯುತ್ತದೆ. ಗೋಣಿಚೀಲದ ಗತಿಯೂ ಅದೇ.

ಕರಾವಳಿಯ ಪೇಟೆಯೊಂದರ ಸಗಟು ಧಾನ್ಯ ಮಳಿಗೆಯಲ್ಲಿ ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ಬೆಳಗ್ಗೆ ಐವತ್ತು ಕಿಲೋ ಅಕ್ಕಿಯ ಮೂಟೆ ಹೊತ್ತು ಲಾರಿಯ ಕಡೆಗೆ ಇಳಿಯುತ್ತಿದ್ದ ಹಮಾಲಿಯೊಬ್ಬ ಎರಡನೆಯ ಮೆಟ್ಟಿಲಿನಲ್ಲಿ ಜಾರಿದ. ತೊಡೆಯ ಎಲುಬು ಮುರಿಯಿತು. ಪಾಲುದಾರರು ಮನುಷ್ಯತ್ವವುಳ್ಳವರು, ಆಸ್ಪತ್ರೆಯ ಬಿಲ್ಲು ತಾವೇ ಕಟ್ಟಿದರು, ನಾಲ್ಕು ತಿಂಗಳು ಮನೆಗೆ ಅಕ್ಕಿ ಕಳುಹಿಸಿದರು. ಆದರೆ ಆತ ಮತ್ತೆ ಮೂಟೆ ಹೊರುವ ಸ್ಥಿತಿಗೆ ಬರಲಿಲ್ಲ. ಈಗ ಆ ಮನೆಯ ಖರ್ಚು ನಡೆಯುವುದು ಹೆಂಡತಿ ಕಟ್ಟುವ ಬೀಡಿಯಿಂದ. ಮಾರ್ಚ್ ಅಂತ್ಯದಲ್ಲಿ ಲೆಕ್ಕ ಮುಗಿಸುವಾಗ ಗುಮಾಸ್ತರಿಗೆ ಎದುರಾದ ಪ್ರಶ್ನೆ ಬೇರೆಯದು: ಈ ಹಣವನ್ನು ಯಾವ ಖಾತೆಗೆ ಖರ್ಚು ಹಾಕಬೇಕು? ಆತ ಹಾಜರಿ ಪುಸ್ತಕದಲ್ಲಿಲ್ಲ, ಸಂಬಳದ ಪಟ್ಟಿಯಲ್ಲಿಲ್ಲ. ಕೊನೆಗೆ ಅದು ‘ಇತರ ವೆಚ್ಚ’ ಎಂಬ ಶೀರ್ಷಿಕೆಯಡಿ ಸೇರಿತು. ಒಬ್ಬ ದುಡಿಯುವ ಮನುಷ್ಯನ ಕಾಲು ಇತರ ವೆಚ್ಚವಾಗುವುದು ಲೆಕ್ಕಶಾಸ್ತ್ರಕ್ಕೆ ಒಪ್ಪಿಗೆಯಾದೀತು. ವ್ಯಾಪಾರ ಧರ್ಮಕ್ಕೆ ಒಪ್ಪಿಗೆಯೇ ಎಂಬುದನ್ನು ವರ್ತಕ ಬಾಂಧವರೇ ಯೋಚಿಸಬೇಕು.

ದಿನಗೂಲಿಯವನು ತಮ್ಮ ನೌಕರನಲ್ಲ, ಆದುದರಿಂದ ಹೊಣೆಯೂ ತಮ್ಮದಲ್ಲ ಎಂಬ ನಂಬಿಕೆ ಪೇಟೆಯಲ್ಲಿ ಬೇರೂರಿದೆ. ಇದು ಅಪಾಯಕಾರಿ ನಂಬಿಕೆ. 1923ರ ಪರಿಹಾರ ಕಾಯ್ದೆಯ ವ್ಯಾಖ್ಯೆಯಲ್ಲಿ ತಾತ್ಕಾಲಿಕ ಸ್ವರೂಪದ ಕೆಲಸಗಾರರನ್ನು ಕೆಲವು ಸಂದರ್ಭಗಳಲ್ಲಿ ಹೊರಗಿಡುವ ಮಾತುಗಳಿದ್ದವು. 2000ದ ತಿದ್ದುಪಡಿ ಆ ಮಾತುಗಳನ್ನೇ ತೆಗೆದುಹಾಕಿತು. ಕೆಲಸದಿಂದ ಉಂಟಾದ, ಕೆಲಸದ ಅವಧಿಯಲ್ಲಿ ಸಂಭವಿಸಿದ ಅಪಘಾತಕ್ಕೆ ಮಾಲೀಕನೇ ಹೊಣೆ ಎಂಬ ತತ್ವ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಇ.ಎಸ್.ಐ. ವ್ಯಾಪ್ತಿಗೊಳಪಟ್ಟ ನೌಕರನ ಪರಿಹಾರವನ್ನು ನಿಗಮ ನೋಡಿಕೊಳ್ಳುತ್ತದೆ. ಅದರ ವ್ಯಾಪ್ತಿಗೆ ಬಾರದವನ ವಿಷಯದಲ್ಲಿ ಬೇಡಿಕೆ ನೇರವಾಗಿ ಮಾಲೀಕನ ಬಾಗಿಲಿಗೇ ಬರುತ್ತದೆ. ಕಾರ್ಖಾನೆಗಳ ಮಾಲೀಕರಿಗಂತೂ 1948ರ ಕಾಯ್ದೆಯ 32ನೆಯ ಕಲಂ, ಮೆಟ್ಟಿಲು ಹಾಗೂ ಹಾದಿಗಳ ಮೇಲೆ ಜಾರುವ ವಸ್ತುಗಳಿರಬಾರದೆಂದೂ ಅವಶ್ಯವಿದ್ದಲ್ಲಿ ಗಟ್ಟಿಯಾದ ಕಂಬಿ ಇರಬೇಕೆಂದೂ ದಶಕಗಳ ಕಾಲ ಸ್ಪಷ್ಟವಾಗಿ ಹೇಳುತ್ತ ಬಂದಿತ್ತು. ಅಂಗಡಿಗೆ ಆ ಕಲಂ ಅನ್ವಯಿಸಿರಲಿಲ್ಲ ನಿಜ. ಕಾಲಿಗೆ ಆ ವ್ಯತ್ಯಾಸ ತಿಳಿಯದು.

ವಿಮೆ ಇದೆಯಲ್ಲ ಎನ್ನುವವರೂ ಉಂಟು. ಅಂಗಡಿಗಾರರ ಪ್ಯಾಕೇಜ್ ಪಾಲಿಸಿಯಲ್ಲಿ ಹಲವು ವಿಭಾಗಗಳಿರುತ್ತವೆ. ಬ್ಯಾಂಕಿನ ಸಾಲಕ್ಕೆ ಬೇಕಾದ ಬೆಂಕಿ ಮತ್ತು ಕಳವಿನ ವಿಭಾಗಗಳನ್ನಷ್ಟೇ ತೆಗೆದುಕೊಂಡು ಉಳಿದವನ್ನು ಬಿಡುವುದೇ ಹೆಚ್ಚು. ಗಿರಾಕಿ ಬಿದ್ದಾಗ ಒದಗುವುದು ಸಾರ್ವಜನಿಕ ಹೊಣೆಗಾರಿಕೆಯ ವಿಭಾಗ. ಹಮಾಲಿ ಬಿದ್ದಾಗ ಒದಗುವುದು ನೌಕರರ ಪರಿಹಾರದ ವಿಭಾಗ. ಪಾಲಿಸಿಯನ್ನು ಬೀರುವಿನಿಂದ ತೆಗೆದು ಈ ಎರಡು ಇವೆಯೇ ಎಂದು ನೋಡಲು ಹತ್ತು ನಿಮಿಷ ಸಾಕು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯನ್ನು ಇದರೊಂದಿಗೆ ಬೆರೆಸುವುದು ಸಾಮಾನ್ಯ ತಪ್ಪು. ಅದು ಅಪಾಯಕಾರಿ ರಾಸಾಯನಿಕ ಮುಂತಾದವುಗಳನ್ನು ನಿರ್ವಹಿಸುವವರಿಗೆ ಸಂಬಂಧಿಸಿದ್ದು.

ಇನ್ನು ಮೆಟ್ಟಿಲು ಯಾರದು ಎಂಬ ಪ್ರಶ್ನೆ. ಬಹುತೇಕ ಅಂಗಡಿಗಳು ಬಾಡಿಗೆಯವು. ಕಟ್ಟಡದ ಯಜಮಾನರು ಬಾಡಿಗೆದಾರರತ್ತ, ಬಾಡಿಗೆದಾರರು ಯಜಮಾನರತ್ತ ಬೆರಳು ತೋರುತ್ತಾರೆ. ಎಷ್ಟೋ ಕಡೆ ಕೆಳಗಿನ ಮೆಟ್ಟಿಲು ನಗರಸಭೆಯ ಚರಂಡಿಯ ಮೇಲೆಯೇ ಕುಳಿತಿರುವುದರಿಂದ ಇಬ್ಬರೂ ಅದರ ಒಡೆತನ ಹೇಳಿಕೊಳ್ಳಲು ಹಿಂಜರಿಯುವುದೂ ಉಂಟು. ಬಾಡಿಗೆ ಕರಾರು ಈ ವಿಷಯದಲ್ಲಿ ಮೌನವಾಗಿರುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮಿನ ಪ್ರಕಾರ, ಯಜಮಾನ ತಾನು ಮಾಡಲೇಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಬಳಿಕವೂ ಮಾಡದಿದ್ದರೆ, ಬಾಡಿಗೆದಾರ ಅದನ್ನು ತಾನೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಕೆಲವು ಪಟ್ಟಿಗಳ ಖರ್ಚಿಗಾಗಿ ನೋಟಿಸು, ಬಡ್ಡಿ ಎನ್ನುವುದಕ್ಕಿಂತ ಕರಾರು ನವೀಕರಿಸುವಾಗ ಒಂದು ವಾಕ್ಯ ಸೇರಿಸುವುದೇ ಮೇಲು.

ಪರಿಹಾರಗಳಲ್ಲಿ ಅತ್ಯಂತ ಅಗ್ಗದ್ದು ಗೀರು ಕೊಯ್ಯಿಸುವುದು. ಕಲ್ಲು ಕೊಯ್ಯುವ ಕೈಯಂತ್ರದಿಂದ ಅಂಚಿಗೆ ಸಮಾನಾಂತರವಾಗಿ ಮೂರು ನಾಲ್ಕು ಗೀರುಗಳನ್ನು ಹಾಕಿದರೆ ನೀರಿಗೆ ದಾರಿಯಾಗುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ಗೀರಿನಲ್ಲಿ ಮಣ್ಣು ತುಂಬದಂತೆ ವಾರಕ್ಕೊಮ್ಮೆ ಗಟ್ಟಿ ಬ್ರಷ್ಷಿನಿಂದ ಉಜ್ಜಬೇಕಷ್ಟೆ. ಹೊಸ ಮೆಟ್ಟಿಲಾದರೆ ಬೆಂಕಿಯ ಜ್ವಾಲೆ ಹಾಯಿಸಿ ಮೈ ಒರಟಾಗಿಸಿದ, ‘ಫ್ಲೇಮ್ಡ್’ ಎಂದು ಕಲ್ಲಿನ ವ್ಯಾಪಾರಿಗಳು ಕರೆಯುವ ಚಪ್ಪಡಿಯನ್ನೇ ಕೇಳಿ ತರುವುದು ಲೇಸು. ಟೈಲ್ಸ್ ಹಾಕಿಸುವವರು ಪೆಟ್ಟಿಗೆಯ ಮೇಲೆ ಆರ್-9ರಿಂದ ಆರ್-13ರವರೆಗಿನ ಗುರುತನ್ನು ಗಮನಿಸಲಿ. ಈ ಜರ್ಮನ್ ಶ್ರೇಣಿಯಲ್ಲಿ 9 ಎಂದರೆ ಅತಿ ಕಡಿಮೆ ಹಿಡಿತ. ಮಳೆಗೆ ಒಡ್ಡಿದ ಮೆಟ್ಟಿಲಿಗೆ 11ಕ್ಕಿಂತ ಕಡಿಮೆಯದು ಬೇಡ.

ಮರಳುಕಾಗದದಂತೆ ಗಡಸು ಕಣಗಳಿರುವ ಅಂಟುಪಟ್ಟಿ ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ದೊರೆಯುತ್ತದೆ. ಒಂದು ಸುರುಳಿಯ ಬೆಲೆ ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆಯನ್ನು ಮೀರಲಾರದು. ಆದರೆ ಇದನ್ನು ತಂದವರಲ್ಲಿ ಹೆಚ್ಚಿನವರು ಮೊದಲ ಮಳೆ ಬಿದ್ದು ಯಾರೋ ಜಾರಿದ ಮೇಲೆಯೇ ಅಂಟಿಸಲು ಹೊರಡುತ್ತಾರೆ. ಒದ್ದೆ ಕಲ್ಲಿಗೆ, ಪಾಚಿಯ ಮೇಲೆ ಅಂಟು ಹಿಡಿಯದು. ಹದಿನೈದು ದಿನಗಳಲ್ಲಿ ತುದಿ ಎದ್ದು, ಜಾರದಂತೆ ಹಾಕಿದ ಪಟ್ಟಿಯೇ ಎಡವುವಂತೆ ಮಾಡುತ್ತದೆ. ಅದರ ಕಾಲ ಏಪ್ರಿಲ್ ಮತ್ತು ಮೇ. ಕಲ್ಲನ್ನು ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ, ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ರೋಲರಿನಿಂದ ಒತ್ತಬೇಕು. ಆಗಲೂ ಜನಸಂದಣಿಯ ಮೆಟ್ಟಿಲಿನಲ್ಲಿ ಅದನ್ನು ಆಗಾಗ ಬದಲಿಸಬೇಕಾಗುತ್ತದೆ.

ಮೂಟೆ ಹೊರುವ ಮೆಟ್ಟಿಲುಗಳಿಗೆ ಅಂಟುಪಟ್ಟಿ ಸಾಲದು. ಅಲ್ಲಿ ಗಡಸು ಕಣಗಳನ್ನು ತುಂಬಿದ ಅಲ್ಯೂಮಿನಿಯಂ ಅಂಚುಪಟ್ಟಿ, ಇಲ್ಲವೇ ಫೈಬರ್ ಗ್ಲಾಸಿನ ಮೆಟ್ಟುಹಲಗೆಯನ್ನು ಸ್ಕ್ರೂ ಹಾಕಿ ಬಿಗಿಯುವುದೇ ಸರಿ. ಸ್ಕ್ರೂಗಳು ಮಾತ್ರ ಸ್ಟೇನ್‌ಲೆಸ್ ಆಗಿರಲಿ, ಸಮುದ್ರದ ಗಾಳಿ ತಾಗುವಲ್ಲಿ 316 ದರ್ಜೆಯದೇ ಇರಲಿ. ಸಾಮಾನ್ಯ ಕಬ್ಬಿಣದ್ದು ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಪಟ್ಟಿ ಅಲುಗಾಡುತ್ತದೆ. ಕಪ್ಪು ಕಲ್ಲಿಗೆ ಹಳದಿ ಪಟ್ಟಿ ಅಂದಗೆಡಿಸುತ್ತದೆಂಬ ಆಕ್ಷೇಪ ಜವಳಿ ಮತ್ತು ಆಭರಣದ ಅಂಗಡಿಗಳಿಂದ ಬರುವುದುಂಟು. ಆದರೆ ಕಣ್ಣು ಮಂಜಾದ ಹಿರಿಯರಿಗೆ ಕಪ್ಪು ಮೆಟ್ಟಿಲುಗಳೆಲ್ಲ ಒಂದೇ ಕಪ್ಪು ಇಳಿಜಾರಿನಂತೆ ಕಾಣುತ್ತವೆ; ಅಂಚು ಎಲ್ಲಿದೆ ಎಂದು ಅವರಿಗೆ ತೋರಿಸುವುದು ಆ ಬಣ್ಣವೇ. ಮದುವೆಯ ಜವಳಿಗೆ ಮನೆಯ ಹಿರಿಯರಿಲ್ಲದೆ ಬರುವ ಕುಟುಂಬ ಎಷ್ಟು?

ಪಟ್ಟಿಯಿಂದ ಪರಿಹಾರವಾಗದ ದೋಷವೂ ಒಂದಿದೆ. ರಸ್ತೆಗೆ ಪ್ರತಿ ಬಾರಿ ಡಾಂಬರು ಹಾಕಿದಾಗಲೂ ಅದು ಒಂದೆರಡು ಅಂಗುಲ ಏರುತ್ತದೆ. ಕೆಳಗಿನ ಮೆಟ್ಟಿಲು ಅಷ್ಟು ಕುಗ್ಗುತ್ತದೆ. ಮೂರು ಮೆಟ್ಟಿಲು ಆರಂಗುಲ, ಕೊನೆಯದು ಮೂರಂಗುಲ ಎಂದಾದರೆ ಲೆಕ್ಕ ಹಾಕಿದಂತೆ ಇಳಿಯುವ ಕಾಲು ಮೋಸ ಹೋಗುತ್ತದೆ. ಅಂಥಲ್ಲಿ ಮೆಟ್ಟಿಲನ್ನೇ ಸಮಗೊಳಿಸಬೇಕು. ಜೊತೆಗೆ ಪ್ರತಿ ಮೆಟ್ಟಿಲಿಗೂ ಮುಂದಕ್ಕೆ ಮೂರರಿಂದ ಐದು ಮಿಲಿಮೀಟರ್ ಇಳಿಜಾರು ಕೊಟ್ಟರೆ ನೀರು ನಿಲ್ಲದು.

ತೆರಿಗೆಯ ದೃಷ್ಟಿಯಿಂದಲೂ ಇದು ಹಗುರವಾದ ಖರ್ಚು. ಇರುವ ಮೆಟ್ಟಿಲನ್ನು ಸುಸ್ಥಿತಿಯಲ್ಲಿಡಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿಯೆನಿಸಿ ಆ ವರ್ಷದ ಆದಾಯದಲ್ಲಿಯೇ ಕಳೆಯಲ್ಪಡುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿದ್ದರೂ ಈ ತತ್ವ ಬದಲಾಗಿಲ್ಲ. ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಚಿತ್ರಮಂದಿರವೊಂದರ ಸಮಗ್ರ ನವೀಕರಣವನ್ನು ಚಾಲ್ತಿ ದುರಸ್ತಿಯೆಂದು ಒಪ್ಪಲಿಲ್ಲ. ಆದುದರಿಂದ ಇಡೀ ಮುಂಭಾಗವನ್ನೇ ಹೊಸದಾಗಿ ಕಟ್ಟಿಸುವ ಬಿಲ್ಲಿನಲ್ಲಿ ಮೆಟ್ಟಿಲಿನ ಪಟ್ಟಿಯನ್ನು ಸೇರಿಸದೆ ಪ್ರತ್ಯೇಕ ಬಿಲ್ಲು ಪಡೆಯುವುದು ಜಾಣತನ. ಜಿ.ಎಸ್.ಟಿ.ಯಲ್ಲಿಯೂ ಸ್ಥಿರಾಸ್ತಿಯ ದುರಸ್ತಿಗೆ ಹೂಡುವಳಿ ತೆರಿಗೆ ಜಮೆ ನಿರಾಕರಿಸುವ 17(5)ನೆಯ ಕಲಮಿನ ನಿರ್ಬಂಧ ಅನ್ವಯಿಸುವುದು ಆ ವೆಚ್ಚವನ್ನು ಬಂಡವಾಳವಾಗಿ ತೋರಿಸಿದ ಮಟ್ಟಿಗೆ ಮಾತ್ರ. ದುರಸ್ತಿ ಖಾತೆಗೆ ಹಾಕಿದರೆ ಸಾಮಾನ್ಯ ತೆರಿಗೆದಾರನಿಗೆ ಜಮೆ ಸಿಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಇಲ್ಲಿ ವಾಣಿಜ್ಯ ಮಂಡಳಿಗಳು ಮಾಡಬಹುದಾದದ್ದು ಬಹಳವಿದೆ. ಒಂದು ಬೀದಿಯ ಇಪ್ಪತ್ತು ಮಳಿಗೆಗಳು ಕೂಡಿ ಮೇ ತಿಂಗಳಲ್ಲಿ ಒಬ್ಬನೇ ಕಲ್ಲುಕೆಲಸದವನನ್ನು ಕರೆಸಿದರೆ ಎರಡು ಮೂರು ದಿನಗಳಲ್ಲಿ ಬೀದಿಯ ಕೆಲಸವೇ ಮುಗಿದೀತು. ಬೆಂಕಿ ನಂದಿಸುವ ಸಿಲಿಂಡರಿನ ತಪಾಸಣೆಯಂತೆ ಮೆಟ್ಟಿಲಿನ ತಪಾಸಣೆಯನ್ನೂ ಮಳೆಗಾಲಕ್ಕೆ ಮುನ್ನ ಸದಸ್ಯರಿಗೆ ನೆನಪಿಸುವ ಒಂದು ಸುತ್ತೋಲೆ ಹೊರಡಿಸಲು ಮಂಡಳಿಗೆ ಅಂಚೆ ವೆಚ್ಚಕ್ಕಿಂತ ಹೆಚ್ಚೇನೂ ತಗಲದು.

ಮಳೆ ಹಿಡಿದ ಮೇಲೆ ಉಳಿಯುವ ಕೆಲಸ ಹಾವಸೆಯದು. ವಾರಕ್ಕೊಮ್ಮೆ ಅಂಗಡಿ ಮುಚ್ಚಿದ ಬಳಿಕ ಬ್ಲೀಚಿಂಗ್ ಪುಡಿ ಎರಚಿ, ಸ್ವಲ್ಪ ಹೊತ್ತು ಬಿಟ್ಟು, ಉಜ್ಜಿ, ಧಾರಾಳವಾಗಿ ನೀರು ಹಾಯಿಸಿದರೆ ಸಾಕು. ಅಂಗಡಿಗಳಲ್ಲಿ ನೆಲ ತೊಳೆಯಲು ಇಟ್ಟಿರುವ ಆಸಿಡ್ಡನ್ನು ಮಾತ್ರ ಯಾವ ಕಾರಣಕ್ಕೂ ಅದರೊಂದಿಗೆ ಬೆರೆಸಬಾರದು; ಹೊರಡುವ ಕ್ಲೋರಿನ್ ಅನಿಲ ಉಸಿರಾಟಕ್ಕೆ ವಿಷ. ಈ ಕೆಲಸ ಮಾಡುವ ಹುಡುಗನಿಗೆ ರಬ್ಬರಿನ ಬೂಟು, ಕೈಗವಸುಗಳನ್ನು ಕೊಡಿಸುವ ಖರ್ಚೂ ದುರಸ್ತಿ ಮತ್ತು ನಿರ್ವಹಣೆ ಖಾತೆಗೇ ಸೇರುತ್ತದೆ.