ಮೊದಲು ಕೊನೆಯ ಸಾಲು ಓದೋಣ

ಭಟ್ಕಳದ ಮಳೆಗಾಲದಲ್ಲಿ ಏನೇ ಕೆಟ್ಟರೂ ನಾವು ಮೊದಲು ಬೈಯೋದು ನೆಟ್ಟನ್ನ. ಮಿನಿ ಪ್ರಾಜೆಕ್ಟ್ ಡೆಮೋ ಹಿಂದಿನ ರಾತ್ರಿಯೂ ಅದೇ ಆಯಿತು. ಡೇಟಾಬೇಸ್ ಇರೋದು ದೂರದ ಸರ್ವರ್‌ನಲ್ಲಿ. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಓಡಿದ ಕ್ವೆರಿ ಡೆಮೋ ಲ್ಯಾಪ್‌ಟಾಪಿನಲ್ಲಿ ಓಡಲಿಲ್ಲ. ಹಾಟ್‌ಸ್ಪಾಟ್ ಬದಲಿಸಿದೆವು, ಪಾಸ್‌ವರ್ಡ್ ಮತ್ತೆ ಮತ್ತೆ ಟೈಪ್ ಮಾಡಿದೆವು, ಕೊನೆಗೆ ಸೀನಿಯರ್‌ಗೆ ಸ್ಕ್ರೀನ್‌ಶಾಟ್ ಕಳಿಸಿದೆವು. ಬಂದ ಉತ್ತರ ಇಷ್ಟೇ: "ಕೊನೇ ಸಾಲು ಓದಿದ್ರಾ?"

ಅಲ್ಲಿ ಸ್ಪಷ್ಟವಾಗಿ ಇತ್ತು: ಪೈಮೈಎಸ್‌ಕ್ಯೂಎಲ್ ಎಂಬ ಮಾಡ್ಯೂಲ್ ಇಲ್ಲ. ಅಂದರೆ ಕ್ವೆರಿ ಲ್ಯಾಪ್‌ಟಾಪನ್ನೇ ಬಿಟ್ಟಿರಲಿಲ್ಲ! ಕುಮಟಾ ಬಸ್ಸು ಭಟ್ಕಳ ಸ್ಟ್ಯಾಂಡಿನಲ್ಲೇ ನಿಂತಿರುವಾಗ, ಹೊನ್ನಾವರದ ಶರಾವತಿ ಸೇತುವೆ ಮೇಲೆ ಜಾಮ್ ಅಂತ ಬೈದ ಹಾಗೆ. ಟೈಮ್‌ಔಟ್ ಬಂದರೆ ನೆಟ್ ನೋಡೋಣ, 'ಆಕ್ಸೆಸ್ ಡಿನೈಡ್' ಬಂದರೆ ಪಾಸ್‌ವರ್ಡ್ ನೋಡೋಣ. ಇದು ಎರಡೂ ಅಲ್ಲ.

ಎಸ್‌ಕ್ಯೂಎಲ್‌ಆಲ್ಕೆಮಿ ಹಾಕಿದ ಮಾತ್ರಕ್ಕೆ ಮೈಎಸ್‌ಕ್ಯೂಎಲ್ ಡ್ರೈವರ್ ಬರೋದಿಲ್ಲ, ಅದನ್ನ ಬೇರೆಯಾಗಿ ಹಾಕಬೇಕು. ಹಾಕಿದ ಮೇಲೂ ಅದೇ ಎರರ್ ಬಂದರೆ ಲ್ಯಾಪ್‌ಟಾಪಿನಲ್ಲಿ ಎರಡು ಪೈಥಾನ್ ಇರಬಹುದು: ಪಿಪ್ ಹಾಕಿದ್ದು ಒಂದಕ್ಕೆ, ನಾವು ಓಡಿಸೋದು ಇನ್ನೊಂದನ್ನ. ಆಗ 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್' ಅಂತ ಕೊಟ್ಟರೆ ಅದೇ ಪೈಥಾನ್‌ಗೆ ಹೋಗುತ್ತದೆ.

ನಮ್ಮನ್ನ ಕೇಳಿದರೆ, ಇದು ಗೊತ್ತಿಲ್ಲದೆ ಆದ ತಪ್ಪಲ್ಲ, ಓದದೆ ಆದ ತಪ್ಪು. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಅಂತ ಹೇಳಿಕೊಳ್ಳೋ ನಾವು ಒಂದು ಸಾಲು ಇಂಗ್ಲಿಷ್ ಓದದೆ ಅರ್ಧ ರಾತ್ರಿ ಕಳೆದೆವು. ಪ್ರಾಜೆಕ್ಟ್ ಹಂಚುವಾಗ ಕೋಡ್ ಒಂದೇ ಸಾಲದು, ಬೇಕಾದ ಪ್ಯಾಕೇಜ್‌ಗಳ ಪಟ್ಟಿಯನ್ನೂ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಕೊಡೋಣ. ಅಷ್ಟಾದ ಮೇಲೆ ನೆಟ್ಟನ್ನ ಬೈಯೋಕೆ ಮಳೆಗಾಲ ಇದ್ದೇ ಇದೆ.