ನಾಗಂದಿಗೆ ಮೇಲಿನ ಗುಂಡಿನ ಡಬ್ಬಿ

ಕೋವಿ ವಿಷಯ ಗಂಡಸ್ರದ್ದು ಅಂತ ನಾವು ಹೆಂಗಸ್ರು ದೂರ ಇರ್ತೀವಿ. ಆದ್ರೆ ಅಟ್ಟ ಗುಡಿಸೋದು ಯಾರು? ಹಬ್ಬ ಬಂತು ಅಂದ್ರೆ ನಾಗಂದಿಗೆ ಮೇಲಿನ ಡಬ್ಬಿ ಇಳಿಸೋದು ಯಾರು? ಮನೆ ಹಿರಿಯರು ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದು ಪಂಚೆ, ಶಾಲು, ಕಾಗದಪತ್ರ ಅಂತ ವಿಂಗಡಿಸೋದು ಯಾರು? ನಾವೇ ಅಲ್ವಾ. ಆ ಟ್ರಂಕಿನ ತಳದಲ್ಲಿ ರೈಫಲ್ ಗುಂಡಿನ ಡಬ್ಬಿ ಸಿಕ್ಕಿದ್ರೆ, "ಇರ್ಲಿ ಬಿಡೇ, ಅಜ್ಜನ ಕಾಲದ್ದು" ಅನ್ನೋ ಮಾತಿಗೆ ತಲೆಯಾಡಿಸಿ ಮತ್ತೆ ಮುಚ್ಚಿಡಬಾರದು ಅನ್ನೋದು ನನ್ನ ವಾದ. ಅದೇನು ಅಂತ ಗುರುತು ಹಿಡಿಯೋದು, ಆಮೇಲೆ ಅದಕ್ಕೊಂದು ದಾರಿ ಕಾಣಿಸೋದು, ಎರಡೂ ನಮ್ಮ ಕೆಲಸವೇ.

ನಮ್ಮ ಮಲೆನಾಡಿನ, ಕೊಡಗಿನ ಹಳೇ ಮನೆಗಳಲ್ಲಿ ಇಂಥವು ಸಿಗೋದು ಆಶ್ಚರ್ಯವೇನಲ್ಲ. ಬ್ರಿಟಿಷರ ಕಾಲದಲ್ಲಿ ಕಾಫಿ ತೋಟ, ಶಿಕಾರಿ ಎರಡೂ ಜೊತೆಗೇ ಇದ್ವು. ಕೆಲವರು ಈಡಾದ ಹಿತ್ತಾಳೆ ಕೇಸು ಬಿಸಾಕದೆ, ಹೊಸ ಕೇಪು, ಮದ್ದು, ಗುಂಡು ಹಾಕಿ ಮತ್ತೆ ತುಂಬ್ಕೋತಿದ್ರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದು ಶಿಕಾರಿ ನಿಂತಿತು. ಗುಂಡು ಮಾತ್ರ ಡಬ್ಬೀಲೇ ಉಳೀತು.

ಮೊದಲು ತಿಳ್ಕೋಬೇಕಾದ್ದು, ಬಿಡಿ ಗುಂಡು ಬೇರೆ, ತೋಟಾ ಬೇರೆ. ಬಿಡಿ ಗುಂಡು ಅಂದ್ರೆ ಬರೀ ಸೀಸ, ಹೆಚ್ಚಿನದಕ್ಕೆ ಮೇಲೊಂದು ತಾಮ್ರದ ಬಣ್ಣದ ಕವಚ. ಅದು ತಾನಾಗಿ ಸಿಡಿಯೋದಿಲ್ಲ. ಹಿತ್ತಾಳೆ ಕೇಸಿನ ಬಾಯಲ್ಲಿ ಗುಂಡು ಕೂತಿದ್ರೆ ಅದು ತೋಟಾ, ಒಳಗೆ ಮದ್ದಿದೆ ಅಂತ್ಲೇ ತಿಳೀಬೇಕು. ತಳದ ನಡುವಿನ ಕೇಪಿನ ಮೇಲೆ ತಗ್ಗು ಬಿದ್ದಿದ್ದು ಗುಂಡು ಹಾಗೇ ಇದ್ರೆ, ಅದು ಹಾರದೆ ಉಳಿದದ್ದು. ಅದನ್ನಂತೂ ಕೈಯಲ್ಲಿ ಆಡಿಸಬೇಡಿ. ಹಳೇದಾಯ್ತು, ಸತ್ತಿರುತ್ತೆ ಅನ್ನೋದು ಸುಳ್ಳು. ಒಣಗಿದ ಜಾಗದಲ್ಲಿದ್ದ ಮದ್ದು ಐವತ್ತು ವರ್ಷ ಆದ್ಮೇಲೂ ಹತ್ಕೊಳ್ಳುತ್ತೆ.

ಬಿಡಿ ಗುಂಡಿನ ಗುರುತಿಗೆ ತೂಕ ಒಳ್ಳೇ ದಾರಿ. ಗುಂಡಿನ ತೂಕ ಹೇಳೋದು ಗ್ರೇನ್ ಲೆಕ್ಕದಲ್ಲಿ. ನಮ್ಮ ಒಂದು ತೊಲ ಅಂದ್ರೆ ಸರಿಯಾಗಿ 180 ಗ್ರೇನ್. ಹಿಂದೆ ಪೊಲೀಸರ ಹೆಗಲ ಮೇಲಿರ್ತಿದ್ದ ತ್ರೀ-ನಾಟ್-ತ್ರೀ ರೈಫಲಿನ ಮಾಮೂಲಿ ಗುಂಡು 174 ಗ್ರೇನ್, ತೊಲಕ್ಕೆ ಕೂದಲೆಳೆ ಕಮ್ಮಿ. ದಪ್ಪಗಿದ್ದು ಎರಡೂಮುಕ್ಕಾಲು ತೊಲ ತೂಗಿದ್ರೆ ಅದು 500 ಗ್ರೇನಿನ ದೊಡ್ಡ ಶಿಕಾರಿ ಗುಂಡು, ಪಾಯಿಂಟ್ 470ರದ್ದಿರಬಹುದು. ಅದಕ್ಕೊಂದು ಕಥೇನೂ ಇದೆ: 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಪಾಯಿಂಟ್ 450 ಕೋವಿ ನಿಷೇಧ ಮಾಡ್ತು, ಅದರ ಬದಲಿಗೆ ಬಂದವುಗಳಲ್ಲಿ ಇದೂ ಒಂದು. ತುದೀಲಿ ಸೀಸ ಕಾಣ್ತಿದ್ರೆ ಅದು ಸಾಮಾನ್ಯವಾಗಿ ಶಿಕಾರಿಯದ್ದು, ತುದಿವರೆಗೂ ಕವಚ ಇದ್ರೆ ಹೆಚ್ಚಾಗಿ ಮಿಲಿಟರಿಯದ್ದು.

ಇನ್ನು ಉಪಯೋಗದ ವಿಷಯ. ಸೀಸ ಕರಗಿಸಿ ಮೀನಿನ ಬಲೆಗೆ ಕಟ್ಟೋಣ ಅಂತಾರೆ. ಅಡುಗೆಮನೆ ಒಲೆ ಮೇಲೆ, ಮನೆ ಪಾತ್ರೇಲಿ ಸೀಸ ಕರಗಿಸಿದ್ರೆ ಅದರ ಹೊಗೆ, ಪುಡಿ ಸೇರೋದು ಮಕ್ಕಳ ಹೊಟ್ಟೆಗೆ. ಚಿಕ್ಕ ಮಕ್ಕಳ ಬುದ್ಧಿ ಬೆಳವಣಿಗೆಗೆ ಸೀಸ ವಿಷ. ತೋಟಾಕ್ಕೆ ತೂತು ಹೊಡೆದು ಕೀಚೈನ್ ಮಾಡೋದು, ಬಚ್ಚಲ ಒಲೆಗೆ ಹಾಕೋದು, ಗುಜರಿಗೆ ಕೊಡೋದು, ಬಾವಿಗೆ ಎಸೆಯೋದು, ಒಂದೂ ಬೇಡ ಮಾರಾಯ್ತೀರೇ.

ಕಾನೂನೂ ನಮ್ಮ ತಲೆ ಮೇಲೇ ಬರೋದು. ಕೋವಿ ಲೈಸೆನ್ಸು ಗಂಡನ ಹೆಸರಲ್ಲಿತ್ತು, ಅವರು ಹೋದ್ರು ಅಂದ್ರೆ ಕೋವಿ, ತೋಟಾ ಎರಡನ್ನೂ ತಡಮಾಡದೆ ಪೊಲೀಸ್ ಸ್ಟೇಷನ್ನಿಗೋ ಲೈಸೆನ್ಸ್ ಇರೋ ಕೋವಿ ಅಂಗಡಿಗೋ ಒಪ್ಪಿಸಬೇಕು ಅಂತ 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುತ್ತೆ. ದುಃಖದ ಮನೇಲಿ ಇದನ್ನ ಯಾರು ನೆನಪಿಸ್ತಾರೆ? ಬಿಡಿ ಗುಂಡೂ ಮದ್ದುಗುಂಡಿನ ಭಾಗ ಅಂತ್ಲೇ ಲೆಕ್ಕ. ಬಳಸೋ ಉದ್ದೇಶ ಇಲ್ಲದ ಚಿಕ್ಕ ಭಾಗಕ್ಕೆ ವಿನಾಯಿತಿ ಇದೆ ನಿಜ, ಯಾವುದಕ್ಕೆ ಸಿಗುತ್ತೆ ಅಂತ ತೀರ್ಮಾನಿಸೋದು ನಾವಲ್ಲ. ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿಯವರಿಗೆ ಲೈಸೆನ್ಸಿನ ವಿನಾಯಿತಿ ಇದ್ರೂ, ಮದ್ದಿಗೆ ಆ ವಿನಾಯಿತಿ ಗೊತ್ತಿಲ್ಲ. ಮಕ್ಕಳ ಕೈಗೆ ಸಿಕ್ರೆ ಅಲ್ಲೂ ಸಿಡಿಯುತ್ತೆ.

"ಒಪ್ಪಿಸಿದ್ರೆ ಅಪ್ಪನ ನೆನಪು ಹೋಯ್ತಲ್ಲ" ಅಂತ ಕೆಲವರಿಗೆ ಸಂಕಟ. ಒಪ್ಪಿಸೋದು ಅಂದ್ರೆ ಕಳ್ಕೊಳ್ಳೋದಲ್ಲ. ರಸೀದಿ ತಗೊಂಡು ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಬಹುದು, ಇಲ್ಲಾ ಮಾರಬಹುದು. ಅಪರೂಪದ ಬೋರಿನ ಬಿಡಿ ಗುಂಡು ಅದೇ ಬೋರಿನ ಕೋವಿಗೆ ಲೈಸೆನ್ಸ್ ಇರೋರಿಗೆ ಬೇಕಾಗಿರುತ್ತೆ, ಅವರಿಗೆ ಸಿಗೋದೇ ಕಷ್ಟ. ಅದೂ ಲೈಸೆನ್ಸ್ ಇರೋ ಅಂಗಡಿ ಮೂಲಕವೇ ಹೋಗಬೇಕು. ನನ್ನ ಪ್ರಕಾರ ಅದಕ್ಕಿರೋ ಮರ್ಯಾದೆಯ ಉಪಯೋಗ ಅದೊಂದೇ. ನೆನಪಿಗೆ ಒಂದು ಫೋಟೋ ತೆಗೆದು, ಯಾರದ್ದು, ಯಾವ ಬೋರು, ಎಷ್ಟು ಇತ್ತು ಅಂತ ಬರೆದಿಟ್ಟುಕೊಳ್ಳಿ.

ಡಬ್ಬೀನ ಚೀಲಕ್ಕೆ ಹಾಕ್ಕೊಂಡು ಬಸ್ ಹತ್ತಬೇಡಿ. ಮಕ್ಕಳ ಕೈಗೆ ಸಿಗದ ಹಾಗೆ, ಬೆಂಕಿಯಿಂದ ದೂರ ಬೀಗ ಹಾಕಿಟ್ಟು, ಮೊದಲು ಸ್ಟೇಷನ್ನಿಗೆ ಫೋನ್ ಮಾಡಿ ಕೇಳಿ. ಈ ಸಲ ದಸರಾಕ್ಕೆ ಧೂಳು ಹೊಡೆಯೋವಾಗ ಉಪ್ಪಿನಕಾಯಿ ಜಾಡಿ ಇಳಿಸೋ ಹಾಗೇ ಆ ಡಬ್ಬೀನೂ ಇಳಿಸಿ, ತೆಗೆದು ನೋಡಿ.